ಇಂಗ್ಲೆಂಡಿನ ಚೆಂದದ ಹಳ್ಳಿಗಳು ಹಾಗೇ ಉಳಿದದ್ದು ಹೇಗೆ?

ಲಂಡನ್‌ಗೆ ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಕಾಟ್ಸ್‌ವೋಲ್ಡ್ಸ್ ಗುಡ್ಡನಾಡಿನ ಕಡೆ ಹೋಗಿಬರುವುದು ಈಗ ಮಾಮೂಲಾಗಿದೆ. ಜೇನುಬಣ್ಣದ ಕಲ್ಲಿನ ಮನೆಗಳು, ಬಾಗಿಲ ಪಕ್ಕ ಗುಲಾಬಿ ಬಳ್ಳಿ, ಎದುರಿಗೆ ಮೊಣಕಾಲುದ್ದದ ಹೊಳೆ, ಅದರಲ್ಲಿ ಬಾತುಕೋಳಿ. ಒಂದೇ ದಿನ ನಾಲ್ಕು ಊರು ನೋಡಿ, ಫೋಟೊ ತೆಗೆದುಕೊಂಡು, ಸಂಜೆ ಬಸ್ಸು ಹತ್ತುತ್ತಾರೆ. ವಾರ ಕಳೆದ ಮೇಲೆ ಫೋನ್ ತೆಗೆದು ನೋಡಿದರೆ ಯಾವ ಫೋಟೊ ಯಾವ ಊರಿನದು ಅಂತಲೇ ಗೊತ್ತಾಗುವುದಿಲ್ಲ.

ಇದು ಪ್ರವಾಸಿಗಳ ತಪ್ಪಲ್ಲ. ಊರು ಯಾಕೆ ಹೀಗಿದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಕಾರಣ ಗೊತ್ತಿದ್ದರೆ ಪ್ರತಿ ಊರೂ ಬೇರೆಯಾಗಿಯೇ ಕಾಣುತ್ತದೆ. ಕಥೆಯನ್ನು ಸಣ್ಣದಾಗಿ ಹೇಳುವುದಾದರೆ ಇಷ್ಟು: ಒಂದು ಕಾಲದಲ್ಲಿ ಈ ಹಳ್ಳಿಗಳಿಗೆ ವಿಪರೀತ ದುಡ್ಡು ಬಂತು. ಆಮೇಲೆ ಆ ದುಡ್ಡು ಬೇರೆ ಕಡೆ ಹೊರಟುಹೋಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟುವ ಶಕ್ತಿ ಊರಿಗೆ ಉಳಿಯಲಿಲ್ಲ. ಆ ಶಕ್ತಿ ವಾಪಸ್ ಬರುವ ಹೊತ್ತಿಗೆ ಕಾನೂನು ಬಂದು ಅಡ್ಡ ನಿಂತಿತು. ಉಳಿದದ್ದೆಲ್ಲ ಇದರ ವಿವರ. ಆ ವಿವರದಲ್ಲೇ ಮಜಾ ಇರುವುದು.

ನೆಲ ಕೊಟ್ಟದ್ದರಲ್ಲಿ ಮನೆ

ರೈಲು ಬರುವ ತನಕ ಭಾರದ ಸಾಮಾನನ್ನು ದೂರ ಸಾಗಿಸುವುದು ದುಬಾರಿ ಕೆಲಸವಾಗಿತ್ತು. ಹಾಗಾಗಿ ಹಳ್ಳಿಯವರು ಊರ ಪಕ್ಕದಲ್ಲಿ ಏನು ಸಿಗುತ್ತೋ ಅದರಲ್ಲೇ ಮನೆ ಕಟ್ಟಿಕೊಂಡರು. ನೆಲ ಬದಲಾದ ಕಡೆ ಮನೆಯೂ ಬದಲಾಯಿತು. ಇಂಗ್ಲೆಂಡ್ ಚಿಕ್ಕ ದೇಶ. ಆದರೂ ಅರ್ಧ ದಿನ ಪ್ರಯಾಣ ಮಾಡಿದರೆ ಹಳ್ಳಿಗಳ ರೂಪ ಪೂರ್ತಿ ಬೇರೆಯಾಗುವುದು ಇದೇ ಕಾರಣಕ್ಕೆ.

ಕಾಟ್ಸ್‌ವೋಲ್ಡ್ಸ್ ಇರುವುದು ಸುಣ್ಣಕಲ್ಲಿನ ಗುಡ್ಡಗಳ ಮೇಲೆ. ಜುರಾಸಿಕ್ ಯುಗದಲ್ಲಿ ಇಲ್ಲಿ ಬೆಚ್ಚನೆಯ, ಹೆಚ್ಚು ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ದುಂಡನೆಯ ಸಣ್ಣ ಸಣ್ಣ ಸುಣ್ಣದ ಕಾಳುಗಳು ಕೂಡಿ ಗಟ್ಟಿಯಾಗಿ ಈ ಕಲ್ಲಾಯಿತು. ಗೋಡೆಗೆ ಮುಖ ಹತ್ತಿರ ತಂದು ನೋಡಿದರೆ ಆ ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಉತ್ತರದ ಚಿಪ್ಪಿಂಗ್ ಕ್ಯಾಂಪ್ಡನ್, ಬ್ರಾಡ್‌ವೇ ಕಡೆ ಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದಕ್ಕೇ ಅಲ್ಲಿಯ ಮನೆಗಳಿಗೆ ಜೇನಿನ ಬಣ್ಣ. ದಕ್ಷಿಣಕ್ಕೆ, ಬಾತ್ ಕಡೆಗೆ ಬಂದಂತೆ ಕಲ್ಲು ಬಿಳಿಚಿಕೊಳ್ಳುತ್ತದೆ. ಗಣಿಯಿಂದ ತೆಗೆದ ಹೊಸದರಲ್ಲಿ ಈ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ಗುಣವೂ ಇದೇ ಅಲ್ವಾ? ಕಿಟಕಿಯ ಚೌಕಟ್ಟು, ಮಳೆನೀರು ಜಾರಿಸಲು ಕಿಟಕಿಯ ಮೇಲೆ ಬಿಟ್ಟ ಕಲ್ಲಿನ ಅಂಚು, ಇವನ್ನೆಲ್ಲ ಒಬ್ಬ ರೈತನ ಮನೆಗೂ ಕೆತ್ತಿ ಕೂರಿಸಲು ಆದದ್ದು ಅದರಿಂದ.

ಗೋಡೆಗಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಮಾಡನ್ನು. ಅಲ್ಲಿ ಹೊದಿಸಿರುವುದೂ ಕಲ್ಲೇ. ಸೂರಿನ ಅಂಚಿನಲ್ಲಿ ದೊಡ್ಡ ದೊಡ್ಡ ಹಲಗೆಗಳು. ಮೇಲೆ ಹೋದಂತೆ ಸಾಲು ಸಾಲಿಗೂ ಚಿಕ್ಕದಾಗುತ್ತಾ, ಮಾಡಿನ ನೆತ್ತಿಯಲ್ಲಿ ಅಂಗೈಯಗಲದ ತುಂಡುಗಳು. ಅತಿ ಭಾರದ ಕಲ್ಲು ಗೋಡೆಗೆ ಹತ್ತಿರ ಇರಬೇಕು, ಮೇಲೆ ಹೋದಂತೆ ಹಗುರ ಇರಬೇಕು ಅನ್ನುವುದು ಒಂದು ಲೆಕ್ಕ. ಗಣಿಯಿಂದ ಬಂದ ಸಣ್ಣ ತುಂಡೂ ದಂಡವಾಗಬಾರದು ಅನ್ನುವುದು ಇನ್ನೊಂದು. ನೀರು ನಿಲ್ಲದೆ ಇಳಿಯಲಿ ಅಂತ ಮಾಡನ್ನು ಕಡಿದಾಗಿ ಕಟ್ಟಿದರು. ಚಿತ್ರಗಳಲ್ಲಿ ಕಾಣುವ ಆ ಚೂಪು ಚೂಪು ಮನೆಗಳ ಗುಟ್ಟು ಇಷ್ಟೇ.

ಈ ಮಾಡಿನ ಕಲ್ಲು ಸಿಗುತ್ತಿದ್ದ ಒಂದು ಪ್ರಸಿದ್ಧ ಜಾಗ ಆಕ್ಸ್‌ಫರ್ಡ್‌ಷೈರಿನ ಸ್ಟೋನ್ಸ್‌ಫೀಲ್ಡ್. ಅಲ್ಲಿ ಕಲ್ಲನ್ನು ಸೀಳುತ್ತಿದ್ದದ್ದು ಉಳಿ ಸುತ್ತಿಗೆ ಅಲ್ಲ, ಚಳಿ. ನೆಲದಡಿಯಿಂದ ತೆಗೆದ ಬಂಡೆಗಳನ್ನು ಬಯಲಲ್ಲಿ ಹರಡಿ, ಒಣಗದಂತೆ ನೀರು ಹಾಕುತ್ತಾ ಇಡುತ್ತಿದ್ದರು. ಹಿಮ ಕಟ್ಟುವ ರಾತ್ರಿ ಬಂತೆಂದರೆ ಚರ್ಚಿನ ಗಂಟೆ ಬಾರಿಸುತ್ತಿದ್ದರಂತೆ. ಊರವರೆಲ್ಲ ಹಾಸಿಗೆಯಿಂದೆದ್ದು ಬಂದು ಬಂಡೆಗಳಿಗೆ ನೀರು ಹಾಕುತ್ತಿದ್ದರು. ಒಳಗಿನ ತೇವ ಮಂಜುಗಡ್ಡೆಯಾಗಿ ಹಿಗ್ಗಿದಾಗ ಬಂಡೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿತ್ತು. ಚಳಿ ಸಾಲದ ವರ್ಷ ಮಾಡಿಗೆ ಕಲ್ಲೂ ಸಾಲದು. 20ನೇ ಶತಮಾನದ ಶುರುವಿನಲ್ಲಿ ಆ ಗಣಿಗಳು ಮುಚ್ಚಿದವು. ಈಗ ಹಳೇ ಮಾಡಿನ ಒಂದೊಂದು ಕಲ್ಲಿಗೂ ಬೆಲೆ ಇದೆ.

ಪೂರ್ವದ ಸಫೋಕ್‌ಗೆ ಹೋದರೆ ಮನೆ ಕಟ್ಟುವಂಥ ಕಲ್ಲೇ ಇಲ್ಲ. ಅಲ್ಲಿ ಓಕ್ ಮರದ ತೊಲೆಗಳ ಚೌಕಟ್ಟು ನಿಲ್ಲಿಸಿ, ನಡುವೆ ಕಡ್ಡಿ ಹೆಣೆದು, ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದರು. ಡೆವನ್‌ನಲ್ಲಿ ಮಣ್ಣಿಗೆ ಹುಲ್ಲು ಕಲಸಿ ಎರಡಡಿ ದಪ್ಪದ ಗೋಡೆ ಎಬ್ಬಿಸಿ ಹುಲ್ಲಿನ ಮಾಡು ಹೊದಿಸಿದರು. ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಒರಟು, ಕಪ್ಪು ಛಾಯೆಯ ಮರಳುಗಲ್ಲು.

ಕುರಿ ತಂದ ದುಡ್ಡು

ಕಲ್ಲು ಇದ್ದ ಮಾತ್ರಕ್ಕೆ ಹಳ್ಳಿಯಲ್ಲಿ ಅರಮನೆಯಂಥ ಚರ್ಚು ಏಳುವುದಿಲ್ಲ. ಅದಕ್ಕೆ ದುಡ್ಡು ಬೇಕು. ಅದು ಬಂದದ್ದು ಕುರಿಯಿಂದ.

ಮಧ್ಯಯುಗದಲ್ಲಿ ಇಂಗ್ಲೆಂಡಿನ ಉಣ್ಣೆಗೆ ಯುರೋಪಿನಲ್ಲೆಲ್ಲ ಬೇಡಿಕೆ ಇತ್ತು. ಕಾಟ್ಸ್‌ವೋಲ್ಡ್ಸ್ ಕುರಿಯ ಉದ್ದನೆಯ, ಹೊಳಪಿನ ಉಣ್ಣೆಯನ್ನು ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ) ಮತ್ತು ಇಟಲಿಯ ವ್ಯಾಪಾರಿಗಳು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ರಾಜರು ಉಣ್ಣೆಯ ರಫ್ತಿನ ಮೇಲೆ ಸುಂಕ ಹಾಕಿ ಯುದ್ಧದ ಖರ್ಚು ತೂಗಿಸಿದರು. ಇವತ್ತಿಗೂ ಬ್ರಿಟನ್ನಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸಭಾಧ್ಯಕ್ಷರು ಕೂರುವುದು ಉಣ್ಣೆ ತುಂಬಿದ ಕೆಂಪು ದಿಂಬಿನ ಮೇಲೆ. ಆ ಪದ್ಧತಿ 14ನೇ ಶತಮಾನದ್ದು.

ಚಿಪ್ಪಿಂಗ್ ಕ್ಯಾಂಪ್ಡನ್‌ನ ಚರ್ಚಿನ ನೆಲದಲ್ಲಿ ವಿಲಿಯಂ ಗ್ರೆವೆಲ್ ಎಂಬ ವ್ಯಾಪಾರಿಯ ಹಿತ್ತಾಳೆಯ ಸಮಾಧಿ ಫಲಕವಿದೆ. 1401ರಲ್ಲಿ ತೀರಿಕೊಂಡವನು. ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಲ್ಲೇ ಹೂವಿನಂಥವನು ಅಂತ ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದ್ದಾರೆ. ಅವನ ಮನೆ ಈಗಲೂ ಊರಿನ ದೊಡ್ಡ ಬೀದಿಯಲ್ಲಿ ನಿಂತಿದೆ. ಅಲ್ಲಿಂದ ಸ್ವಲ್ಪ ದೂರದ ನಾರ್ತ್‌ಲೀಚ್‌ಗೆ ಹೋಗಿ. ಸಣ್ಣ ಊರು, ಜನ ಕಡಿಮೆ, ಪ್ರವಾಸಿ ಬಸ್ಸು ಅಪರೂಪ. ಆದರೆ ಚರ್ಚು ಮಾತ್ರ ಒಂದು ನಗರಕ್ಕೆ ಸಾಕಾಗುವಷ್ಟು ದೊಡ್ಡದು. ನಡುಮನೆಯ ಗೋಡೆ ಎತ್ತರಿಸಿ ಮೇಲೆ ಕಿಟಕಿ ಇಡಿಸಲು ದುಡ್ಡು ಕೊಟ್ಟವನು ಜಾನ್ ಫೋರ್ಟಿ, 1458ರಲ್ಲಿ ಸತ್ತ ಉಣ್ಣೆ ವ್ಯಾಪಾರಿ. ಅವನ ಫಲಕದಲ್ಲಿ ಒಂದು ಕಾಲು ಕುರಿಯ ಮೇಲೆ, ಇನ್ನೊಂದು ಕಾಲು ಉಣ್ಣೆಯ ಮೂಟೆಯ ಮೇಲೆ. ದೊಡ್ಡಮನುಷ್ಯರು ಸಮಾಧಿಯ ಮೇಲೆ ಕಾಲ ಬಳಿ ಸಿಂಹವನ್ನೋ ನಾಯಿಯನ್ನೋ ಕೆತ್ತಿಸಿಕೊಳ್ಳುತ್ತಿದ್ದ ಕಾಲ ಅದು. ತನಗೆ ಅನ್ನ ಕೊಟ್ಟದ್ದು ಏನು ಅಂತ ಮುಚ್ಚುಮರೆಯಿಲ್ಲದೆ ತೋರಿಸಿದ ಆ ಫಲಕ ನನಗೆ ತುಂಬಾ ಇಷ್ಟ.

ಆದರೆ ಅದೇ ಕುರಿ ಊರುಗಳನ್ನು ಅಳಿಸಿಯೂ ಹಾಕಿತು. 1348–49ರ ಪ್ಲೇಗ್ ಮಾರಿ ಬಂದು ಹೋದ ಮೇಲೆ ಉಳುವ ಕೈಗಳು ಕಡಿಮೆಯಾದವು, ಕೂಲಿ ಏರಿತು. ಹತ್ತು ಮಂದಿ ಉಳುತ್ತಿದ್ದ ನೆಲಕ್ಕೆ ಒಬ್ಬ ಕುರುಬ ಸಾಕು ಅಂತ ಜಮೀನಿನ ಒಡೆಯರಿಗೆ ಗೊತ್ತಾಯಿತು. ಕೆಲವು ಕಡೆ ಇದ್ದಬದ್ದ ಒಕ್ಕಲುಗಳನ್ನೂ ಎಬ್ಬಿಸಿದರು. ಯಾರ್ಕ್‌ಷೈರಿನ ವಾರಮ್ ಪರ್ಸಿಯಲ್ಲಿ ಕೊನೆಯ ಮನೆಗಳು ಖಾಲಿಯಾದದ್ದು 1500ರ ಆಸುಪಾಸಿನಲ್ಲಿ. ಈಗ ಅಲ್ಲಿ ಮಾಡಿಲ್ಲದ ಒಂದು ಚರ್ಚು, ಹುಲ್ಲಿನಡಿ ಮನೆಗಳ ಪಾಯದ ಉಬ್ಬುತಗ್ಗು, ಅಷ್ಟೇ. ಇಂಥ ಹಾಳೂರುಗಳು ಇಂಗ್ಲೆಂಡಿನಲ್ಲಿ ಸುಮಾರು 3,000 ಇವೆ. ಚೆಂದದ ಹಳ್ಳಿ ನೋಡಲು ಹೋದವರು ಇಂಥದ್ದೊಂದನ್ನೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾಟ್ಸ್‌ವೋಲ್ಡ್ಸ್‌ನ ಬೈಬರಿ ಹಳ್ಳಿಯ ಆರ್ಲಿಂಗ್ಟನ್ ರೋ ಇಡೀ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಮನೆಸಾಲುಗಳಲ್ಲಿ ಒಂದು. ಬ್ರಿಟಿಷ್ ಪಾಸ್‌ಪೋರ್ಟಿನ ಒಳಗೂ ಅದರ ಚಿತ್ರ ಅಚ್ಚಾಗಿತ್ತು. ಅದು ಕಟ್ಟಿದಾಗ ಮನೆಯೇ ಆಗಿರಲಿಲ್ಲ. 1380ರ ಸುಮಾರಿಗೆ ಮಠದವರು ಕಟ್ಟಿಸಿದ ಉಣ್ಣೆಯ ಉಗ್ರಾಣ. ಬರೀ ಉಣ್ಣೆ ಮಾರುವುದಕ್ಕಿಂತ ಬಟ್ಟೆ ನೇಯ್ದು ಮಾರುವುದು ಲಾಭ ಅಂತ ಗೊತ್ತಾದ ಮೇಲೆ, 17ನೇ ಶತಮಾನದಲ್ಲಿ, ಅದನ್ನು ಅಡ್ಡಗೋಡೆ ಹಾಕಿ ನೇಕಾರರ ಮನೆಗಳನ್ನಾಗಿ ಮಾಡಿದರು. ಎದುರಿನ ತೇವದ ಹುಲ್ಲುಗಾವಲಿಗೆ ರ‍್ಯಾಕ್ ಐಲ್ ಅಂತ ಹೆಸರು. ಪಕ್ಕದ ಗಿರಣಿಯಲ್ಲಿ ತುಳಿಸಿ ಬಿಗಿ ಮಾಡಿದ ಒದ್ದೆ ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುತ್ತಿದ್ದ ಜಾಗ ಅದು. ಅಂದರೆ ಈಗ ನಾವು ತಂಪಾಗಿ ಕೂತು ನೋಡುವ ಆ ನೋಟವೆಲ್ಲ ಒಂದು ಕಾಲದ ಕಾರ್ಖಾನೆಯ ಅಂಗಳ.

ದುಡ್ಡು ಹೋಯಿತು, ಮನೆ ಉಳಿಯಿತು

ಸಫೋಕ್‌ನ ಲ್ಯಾವೆನಮ್ ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ. ನೀಲಿ ಬಣ್ಣದ ದಪ್ಪ ಉಣ್ಣೆಬಟ್ಟೆಗೆ ಹೆಸರಾದ ಊರು. 1524ರ ತೆರಿಗೆ ಲೆಕ್ಕದಲ್ಲಿ ಇಡೀ ಇಂಗ್ಲೆಂಡಿನ ಸಿರಿವಂತ ಊರುಗಳ ಪೈಕಿ ಇದಕ್ಕೆ 14ನೇ ಸ್ಥಾನ. ಮರುವರ್ಷ ಎಂಟನೆಯ ಹೆನ್ರಿ ಫ್ರಾನ್ಸ್ ಮೇಲಿನ ಯುದ್ಧಕ್ಕೆ ಮತ್ತೆ ಹಣ ಕೇಳಿದಾಗ, ಕೆಲಸ ಕಳೆದುಕೊಂಡ ಇಲ್ಲಿಯ ನೇಕಾರರು ಸಾವಿರಗಟ್ಟಲೆ ಸೇರಿ ಎದುರು ನಿಂತರು. ರಾಜ ಆ ವಸೂಲಿಯನ್ನೇ ಕೈಬಿಡಬೇಕಾಯಿತು.

ಇಂಥ ಊರು ಎರಡು ಮೂರು ತಲೆಮಾರಿನಲ್ಲಿ ಇಳಿದುಹೋಯಿತು. ಧರ್ಮದ ಕಾರಣಕ್ಕೆ ನೆದರ್‌ಲೆಂಡ್ಸ್ ಕಡೆಯಿಂದ ಓಡಿಬಂದ ನೇಕಾರರು ಹತ್ತಿರದ ಕೋಲ್ಚೆಸ್ಟರ್‌ನಲ್ಲಿ ನೆಲೆಸಿ, ಹಗುರವಾದ, ಅಗ್ಗದ ಬಟ್ಟೆ ನೇಯತೊಡಗಿದರು. ಜನ ಅದನ್ನೇ ಇಷ್ಟಪಟ್ಟರು. ಲ್ಯಾವೆನಮ್‌ನ ದಪ್ಪ ಬಟ್ಟೆ ಕೇಳುವವರಿಲ್ಲದಾಯಿತು. ಹೊಸ ಮನೆ ಕಟ್ಟುವ ಮಾತು ಹಾಗಿರಲಿ, ಇದ್ದ ಮನೆಯ ಮುಂಭಾಗಕ್ಕೆ ಆ ಕಾಲದ ಫ್ಯಾಷನ್ನಿನಂತೆ ಇಟ್ಟಿಗೆ ಹೊದಿಸುವುದೂ ಹೆಚ್ಚಿನವರಿಗೆ ಆಗಲಿಲ್ಲ. ಹಾಗಾಗಿ 15, 16ನೇ ಶತಮಾನದ ಬೀದಿಗಳು ಬೀದಿಗಳೇ ಹಾಗೇ ನಿಂತುಬಿಟ್ಟವು.

ಅಲ್ಲಿಯ ಮನೆಗಳು ಒಂದಕ್ಕೊಂದು ಒರಗಿಕೊಂಡು ವಾಲಿರುವುದನ್ನು ನೋಡಿ ಈಗಲೋ ಆಗಲೋ ಬೀಳುತ್ತವೆ ಅನ್ನಿಸಬಹುದು. ಬೀಳುವುದಿಲ್ಲ. ಓಕ್ ಒಣಗಿದ ಮೇಲೆ ಉಳಿಯೇ ಇಳಿಯದಷ್ಟು ಗಟ್ಟಿ. ಅದಕ್ಕೇ ಬಡಗಿಗಳು ಹಸಿ ಮರವನ್ನೇ ಕೊಯ್ದು ಜೋಡಿಸುತ್ತಿದ್ದರು. ಚೌಕಟ್ಟು ನಿಂತ ಮೇಲೆ ಮರ ವರ್ಷಗಟ್ಟಲೆ ನಿಧಾನಕ್ಕೆ ಒಣಗುತ್ತಾ ತಿರುಚಿಕೊಳ್ಳುತ್ತದೆ. ಕೀಲುಗಳು ಇನ್ನೂ ಬಿಗಿಯಾಗುತ್ತವೆ. ಆ ಸೊಟ್ಟ ಐದು ನೂರು ವರ್ಷ ಹಳೆಯದು. ಇನ್ನೊಂದು ವಿಷಯ: ತೊಲೆಗೆ ಕಪ್ಪು ಬಳಿದು ಗೋಡೆಗೆ ಬಿಳಿ ಬಳಿಯುವುದು ಬಹುಮಟ್ಟಿಗೆ 19ನೇ ಶತಮಾನದ ಶೋಕಿ. ಲ್ಯಾವೆನಮ್‌ನಲ್ಲಿ ತೊಲೆಗಳು ಬೂದುಬಣ್ಣದಲ್ಲೋ, ಗೋಡೆಯ ಜೊತೆಗೇ ಸುಣ್ಣ ಬಳಿಸಿಕೊಂಡೋ ಇರುತ್ತವೆ. ಹಳೇ ರೀತಿ ಅದೇ.

ಕಾಟ್ಸ್‌ವೋಲ್ಡ್ಸ್‌ಗೆ ಪೆಟ್ಟು ಬಿದ್ದದ್ದು ಸ್ವಲ್ಪ ತಡವಾಗಿ. ಸ್ಟ್ರೌಡ್ ಕಣಿವೆಯಲ್ಲಿ ಹೊಳೆಯ ನೀರಿನಿಂದ ತಿರುಗುವ ಗಿರಣಿಗಳು ಬಹಳ ಕಾಲ ನಡೆದವು. ಬ್ರಿಟಿಷ್ ಸೈನಿಕರ ಕೆಂಪು ಕೋಟಿನ ಬಟ್ಟೆಗೆ ಹೆಸರಾದದ್ದು ಆ ಕಣಿವೆ. ಆದರೆ ಉಗಿಯಂತ್ರ ಬಂದ ಮೇಲೆ ಆಟ ಬದಲಾಯಿತು. ಯಂತ್ರಕ್ಕೆ ಕಲ್ಲಿದ್ದಲು ಬೇಕು. ಅದು ಇದ್ದದ್ದು ಯಾರ್ಕ್‌ಷೈರಿನಲ್ಲಿ. ಉಣ್ಣೆಯ ಕೆಲಸವೆಲ್ಲ ಲೀಡ್ಸ್, ಬ್ರ್ಯಾಡ್‌ಫರ್ಡ್ ಕಡೆ ಹೋಯಿತು. ಆ ನಗರಗಳು ಹೊಗೆಯಲ್ಲಿ ಬೆಳೆದವು. ಇಲ್ಲಿಯ ಹಳ್ಳಿಗಳಲ್ಲಿ ಹೊಲದ ಕೂಲಿ ಬಿಟ್ಟರೆ ಬೇರೆ ಕೆಲಸ ಇಲ್ಲದಾಯಿತು. ಈಗ ನಮಗೆ ಪ್ರಶಾಂತವಾಗಿ ಕಾಣುವ ಮನೆಗಳಲ್ಲಿ 19ನೇ ಶತಮಾನದಲ್ಲಿ ಬಡ ಕೂಲಿಗಳ ದೊಡ್ಡ ದೊಡ್ಡ ಸಂಸಾರಗಳು ಎರಡು ಕೋಣೆಯಲ್ಲಿ ಬದುಕಿದವು.

ಉಳಿಸಬೇಕು ಅನ್ನಿಸಿದ್ದು ಯಾವಾಗ

1876ರಲ್ಲಿ ವಿಲಿಯಂ ಮಾರಿಸ್ ಬರ್ಫರ್ಡ್ ಊರಿನ ಚರ್ಚಿಗೆ ಹೋದ. ಕವಿ, ವಿನ್ಯಾಸಕಾರ, ಸಮಾಜವಾದಿ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೇ ಕೆಲಸವನ್ನು ಕಿತ್ತುಹಾಕುತ್ತಿದ್ದದ್ದು ನೋಡಿ ಸಿಟ್ಟಾದ. ಮರುವರ್ಷವೇ, 1877ರಲ್ಲಿ, ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಹಳೆಯದನ್ನು ಹೊಸದರಂತೆ ಮಾಡಬೇಡಿ, ಸೋರುವ ಕಡೆ ಮುಚ್ಚಿ, ಬೀಳುವ ಕಡೆ ಆಸರೆ ಕೊಡಿ, ಅಷ್ಟು ಸಾಕು ಎಂಬುದು ಅದರ ನಿಲುವು. ಇವತ್ತು ಇಂಗ್ಲೆಂಡಿನಲ್ಲಿ ಹಳೇ ಮನೆ ರಿಪೇರಿ ಮಾಡುವ ರೀತಿಗೆಲ್ಲ ಬೇರು ಅಲ್ಲಿದೆ.

ಬರ್ಫರ್ಡ್ ಚರ್ಚಿನಲ್ಲಿ ಇನ್ನೊಂದು ಗುರುತನ್ನು ತಪ್ಪದೆ ನೋಡಿ. 1649ರಲ್ಲಿ, ರಾಜನನ್ನು ಸೋಲಿಸಿದ ಕ್ರಾಮ್‌ವೆಲ್‌ನ ಸೈನ್ಯದಲ್ಲೇ ಒಂದು ಗುಂಪು ಬಾಕಿ ಸಂಬಳಕ್ಕಾಗಿ, ಹೆಚ್ಚಿನ ಜನರಿಗೆ ಹಕ್ಕು ಸಿಗಲಿ ಅಂತ ತಿರುಗಿಬಿತ್ತು. ಸೋತ ಸೈನಿಕರನ್ನು ತಂದು ಈ ಚರ್ಚಿನಲ್ಲಿ ಕೂಡಿಹಾಕಿದರು. ಮೇ 17ರಂದು ಮೂವರನ್ನು ಹೊರಗಿನ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಒಳಗಿದ್ದವರಲ್ಲಿ ಆಂಟನಿ ಸೆಡ್ಲಿ ಎಂಬೊಬ್ಬ, ಮಕ್ಕಳಿಗೆ ದೀಕ್ಷೆ ಕೊಡುವ ತೊಟ್ಟಿಯ ಸೀಸದ ಅಂಚಿನ ಮೇಲೆ ತನ್ನ ಹೆಸರು, ಇಸವಿ, ತಾನು ಕೈದಿ ಅನ್ನುವ ಮಾತು, ಇಷ್ಟನ್ನು ಗೀಚಿದ. ಕಾಗುಣಿತ ತಪ್ಪಿದೆ, ಅಕ್ಷರ ವಾಲಿದೆ. ಆದರೂ ಓದಲು ಬರುತ್ತದೆ. ಟಿಕೆಟ್ ಇಲ್ಲ, ಗಾಜಿನ ಪೆಟ್ಟಿಗೆ ಇಲ್ಲ. ಸುಮ್ನೆ ಹತ್ತಿರ ಹೋಗಿ ನೋಡಬಹುದು.

ಮಾರಿಸ್ ಹಾಕಿದ ದಾರಿಯಲ್ಲಿ ಬೇರೆಯವರೂ ಬಂದರು. 1895ರಲ್ಲಿ, ಹಳೇ ಕಟ್ಟಡ, ಚೆಂದದ ಜಾಗಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಶುರುವಾಯಿತು. 1902ರಲ್ಲಿ ಸಿ. ಆರ್. ಆಶ್‌ಬಿ ಎಂಬ ವಿನ್ಯಾಸಕಾರ ಲಂಡನ್ನಿನ ಪೂರ್ವ ಭಾಗದಿಂದ ತನ್ನ ಸಂಘದ ಕುಶಲಕರ್ಮಿಗಳನ್ನೂ ಅವರ ಸಂಸಾರಗಳನ್ನೂ ಕರೆದುಕೊಂಡು ಚಿಪ್ಪಿಂಗ್ ಕ್ಯಾಂಪ್ಡನ್‌ಗೆ ಬಂದು, ಖಾಲಿ ಬಿದ್ದಿದ್ದ ರೇಷ್ಮೆ ಗಿರಣಿಯಲ್ಲಿ ಕೆಲಸ ಶುರುಮಾಡಿದ. ಲಾಭ ಬರಲಿಲ್ಲ, ಕೆಲವೇ ವರ್ಷಗಳಲ್ಲಿ ಅವನ ಸಂಘ ಮುಚ್ಚಿತು. ಆದರೆ ಬಂದವರಲ್ಲಿ ಕೆಲವರು ಅಲ್ಲೇ ಉಳಿದರು, ಹಳೇ ಮನೆಗಳನ್ನು ಹಳೇ ರೀತಿಯಲ್ಲೇ ದುರಸ್ತಿ ಮಾಡಿಸಿದರು. ಆ ಗಿರಣಿಯಲ್ಲಿ ಬೆಳ್ಳಿ ಕೆಲಸದ ಒಂದು ಕಾರ್ಯಾಗಾರ ಇಂದಿಗೂ ನಡೆಯುತ್ತಿದೆ.

ಕೊನೆಗೆ ಬಂತು ಕಾನೂನು. 1947ರ ಯೋಜನಾ ಕಾಯಿದೆಯ ನಂತರ ಮನಸ್ಸಿಗೆ ಬಂದ ಕಡೆ ಮನೆ ಕಟ್ಟುವಂತಿಲ್ಲ. ಜೊತೆಗೆ ಮುಖ್ಯವಾದ ಹಳೇ ಕಟ್ಟಡಗಳ ಪಟ್ಟಿ ಮಾಡತೊಡಗಿದರು. ಈಗ ಆ ಪಟ್ಟಿಯಲ್ಲಿ ಇಂಗ್ಲೆಂಡಿನ ಸುಮಾರು 4 ಲಕ್ಷ ನಮೂದುಗಳಿವೆ. ಮೂರು ದರ್ಜೆ ಇದ್ದು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು 'ಗ್ರೇಡ್ 2' ಎಂಬ ಕೊನೆಯ ದರ್ಜೆಯವು. 1700ಕ್ಕಿಂತ ಹಿಂದಿನ ಕಟ್ಟಡ ಹೆಚ್ಚುಕಮ್ಮಿ ಮೂಲ ರೂಪದಲ್ಲಿ ಉಳಿದಿದ್ದರೆ ಸಾಮಾನ್ಯವಾಗಿ ಪಟ್ಟಿಗೆ ಸೇರುತ್ತದೆ. ಸೇರಿದ ಮೇಲೆ ಮನೆ ನಿಮ್ಮದೇ ಆದರೂ ಅದರ ರೂಪ ಬದಲಿಸುವಂಥ ಕೆಲಸಕ್ಕೆ, ಕಿಟಕಿ ಬದಲಿಸುವುದಿರಲಿ, ಒಳಗಿನ ಗೋಡೆ ಒಡೆಯುವುದಿರಲಿ, ಅನುಮತಿ ಬೇಕು. ಕೇಳದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. 1967ರಿಂದ ಒಂದೊಂದೇ ಕಟ್ಟಡದ ಬದಲು ಇಡೀ ಊರಿನ ನಡುಭಾಗವನ್ನೇ ಸಂರಕ್ಷಿತ ವಲಯ ಅಂತ ಘೋಷಿಸುವುದಕ್ಕೂ ದಾರಿಯಾಯಿತು.

ಒಬ್ಬರದೇ ಆಗಿದ್ದ ಊರುಗಳು

ಕೆಲವು ಹಳ್ಳಿಗಳು ಅಚ್ಚುಕಟ್ಟಾಗಿ ಉಳಿಯಲು ಇನ್ನೊಂದು ಕಾರಣವಿದೆ. ಇಡೀ ಊರು ಒಬ್ಬನೇ ಜಮೀನ್ದಾರನದ್ದಾಗಿತ್ತು. ಊರವರೆಲ್ಲ ಅವನ ಬಾಡಿಗೆದಾರರು.

ವಿಲ್ಟ್‌ಷೈರಿನ ಲೇಕಾಕ್ ಹಾಗೆ ಟಾಲ್ಬಟ್ ಮನೆತನದ್ದು. ಅಲ್ಲಿಯ ಹಳೇ ಮಠವನ್ನೇ ಅವರು ಬಂಗಲೆ ಮಾಡಿಕೊಂಡಿದ್ದರು. 1835ರ ಆಗಸ್ಟ್‌ನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಆ ಬಂಗಲೆಯ ಒಂದು ಕಿಟಕಿಯ ಚಿತ್ರವನ್ನು ಕಾಗದದ ಮೇಲೆ ಹಿಡಿದ. ಅಂಚೆಚೀಟಿಗಿಂತ ಹೆಚ್ಚು ದೊಡ್ಡದಲ್ಲದ ಆ ತುಂಡು ಜಗತ್ತಿನಲ್ಲಿ ಈಗ ಉಳಿದಿರುವ ಅತಿ ಹಳೆಯ ಫೋಟೊ ನೆಗೆಟಿವ್. ಈಗ ಫೋಟೊ ತೆಗೆಯಲೆಂದೇ ಜನ ಮುಗಿಬೀಳುವ ಈ ಊರಿನಲ್ಲಿ ಆ ಕಿಟಕಿಯ ಮುಂದೆ ಒಂದು ನಿಮಿಷ ನಿಲ್ಲದೆ ಬರಬೇಡಿ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಊರನ್ನೂ ಸೇರಿಸಿ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಬೀದಿಯಲ್ಲಿ ತಂತಿ, ಆಂಟೆನಾ ಕಣ್ಣಿಗೆ ಬೀಳದಂತೆ ನೋಡಿಕೊಂಡಿದ್ದಾರೆ. ಹಳೇ ಕಾಲದ ಕಥೆಯ ಶೂಟಿಂಗ್‌ಗೆ ಸಿನಿಮಾದವರು ಅಲ್ಲಿಗೇ ಓಡಿಬರುವುದು ಅದಕ್ಕೆ.

ಒಡೆತನದ ಇನ್ನೊಂದು ಮುಖ ಡಾರ್ಸೆಟ್‌ನ ಮಿಲ್ಟನ್ ಆಬಸ್. ಬಿಳಿ ಗೋಡೆ, ಹುಲ್ಲಿನ ಮಾಡು, ಒಂದೇ ಅಳತೆಯ ಮನೆಗಳ ಜೋಡಿಸಾಲು, ಮುಂದೆ ಹಸಿರು ಹಾಸು. ಕ್ಯಾಲೆಂಡರಿಗೆ ಹೇಳಿ ಮಾಡಿಸಿದಂತಿದೆ. ಹೇಳಿ ಮಾಡಿಸಿದ್ದೇ ಹೌದು. 18ನೇ ಶತಮಾನದ ಕೊನೆಭಾಗದಲ್ಲಿ ಅಲ್ಲಿಯ ಒಡೆಯ ಜೋಸೆಫ್ ಡೇಮರ್‌ಗೆ ತನ್ನ ಬಂಗಲೆಯ ಮುಂದೆ ಒಂದು ಊರು ಕಾಣುವುದು ಇಷ್ಟವಾಗಲಿಲ್ಲ. ಅದು ಮಿಡ್ಲ್‌ಟನ್ ಎಂಬ ಹಳೇ ಪೇಟೆ. ಅಂಗಡಿ, ಶಾಲೆ, ಹೋಟೆಲು ಎಲ್ಲ ಇದ್ದ ಊರು. ಬಾಡಿಗೆ ಕರಾರು ಮುಗಿದಂತೆ ಒಂದೊಂದೇ ಮನೆ ಕೆಡವಿಸಿದ. ಆ ಜಾಗದಲ್ಲಿ ಹುಲ್ಲುಗಾವಲು, ಕೆರೆ, ಮರಗಳ ತೋಪು ಬಂದವು. ತೋಟ ರೂಪಿಸಿದವನು ಆ ಕಾಲದ ಪ್ರಸಿದ್ಧ ಕೇಪಬಿಲಿಟಿ ಬ್ರೌನ್. ಉಳಿದ ಜನರಿಗೆ ಗುಡ್ಡದ ಮರೆಯಲ್ಲಿ, ಬಂಗಲೆಗೆ ಕಾಣದ ಕಡೆ, ಈ ಹೊಸ ಹಳ್ಳಿ ಕಟ್ಟಿಸಿದ. ಹೊರಗಿನಿಂದ ಒಂದೊಂದು ಮನೆಯಂತೆ ಕಂಡರೂ ಒಳಗೆ ಎರಡೆರಡು ಸಂಸಾರ. ಆ ಬೀದಿಯ ಚೆಂದದ ಹಿಂದೆ ಜನರ ಒಪ್ಪಿಗೆ ಇರಲಿಲ್ಲ.

ಕನ್ನಡದವರಿಗೆ ಇನ್ನೊಂದು ಕೊಂಡಿ ಹೇಳಬೇಕು. ಮೋರ್ಟನ್-ಇನ್-ಮಾರ್ಷ್ ಪೇಟೆಯ ಪಕ್ಕದಲ್ಲಿ ಸೀಸಿನ್‌ಕೋಟ್ ಎಂಬ ಬಂಗಲೆ ಇದೆ. ಕಾಟ್ಸ್‌ವೋಲ್ಡ್ಸ್‌ನ ಹಸಿರು ಗುಡ್ಡದ ನಡುವೆ ಮೊಗಲ್ ಶೈಲಿಯ ಹಸಿರು ತಾಮ್ರದ ಗುಮ್ಮಟ! ಈ ಜಮೀನು ಕೊಂಡವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಜಾನ್ ಕಾಕ್ರೆಲ್. ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ನಡೆಸಿದ ಯುದ್ಧದಲ್ಲಿ ಅವನಿದ್ದ. ಅವನು ಸತ್ತ ಮೇಲೆ ತಮ್ಮ ಚಾರ್ಲ್ಸ್, ಅವನೂ ಕಂಪನಿಯಲ್ಲಿ ದುಡಿದವನೇ, 1805ರ ಸುಮಾರಿಗೆ ಈ ಬಂಗಲೆ ಕಟ್ಟಿಸಿದ. ತೋಟದ ಸೇತುವೆಯ ಮೇಲೆ ನಂದಿಗಳು ಮಲಗಿವೆ. ಕೊಳದ ಪಕ್ಕ ಸೂರ್ಯನ ಪುಟ್ಟ ಗುಡಿ ಇದೆ. ಸುತ್ತಲಿನ ಹಳ್ಳಿಗಳಿಗೆ ಉಣ್ಣೆಯ ದುಡ್ಡು ಬಂದ ಹಾಗೆ ಈ ಬಂಗಲೆಗೆ ಬಂದದ್ದು ನಮ್ಮ ಕಡೆಯ ದುಡ್ಡು. ವರ್ಷದ ಕೆಲವು ತಿಂಗಳು ತೋಟ ತೆರೆದಿರುತ್ತದೆ.

ಚೆಂದಕ್ಕಲ್ಲದೆ ನೋಡಬೇಕಾದ ಊರು

ಡರ್ಬಿಷೈರಿನ ಈಮ್‌ಗೆ ಬೇರೆಯದೇ ಕಾರಣಕ್ಕೆ ಹೋಗಬೇಕು. 1665ರಲ್ಲಿ ಲಂಡನ್ನಿನಿಂದ ಅಲ್ಲಿಯ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನಲ್ಲಿ ಚಿಗಟಗಳಿದ್ದವು, ಅವುಗಳ ಜೊತೆ ಪ್ಲೇಗ್ ಬಂತು ಅಂತ ಹೇಳುತ್ತಾರೆ. ಮರುವರ್ಷದ ಬೇಸಿಗೆಯಲ್ಲಿ ರೋಗ ಜೋರಾದಾಗ ಪಾದ್ರಿ ವಿಲಿಯಂ ಮೊಂಪೆಸನ್, ಅವನಿಗಿಂತ ಮುಂಚೆ ಅಲ್ಲಿದ್ದ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಟ್ಟು ಹೋಗಬಾರದು. ಹೋದರೆ ಸುತ್ತಲ ಊರಿಗೂ ರೋಗ ಹರಡುತ್ತದೆ. ಜನ ಒಪ್ಪಿದರು. ಊರಿನ ಗಡಿಯಲ್ಲಿ ಒಂದು ಬಂಡೆ. ಅದರಲ್ಲಿ ಕೊರೆದ ಕುಳಿಗಳಲ್ಲಿ ವಿನೆಗರ್ ಹಾಕಿ, ನಾಣ್ಯ ಮುಳುಗಿಸಿ ಇಡುತ್ತಿದ್ದರು. ಪಕ್ಕದೂರಿನವರು ದವಸ ಇಟ್ಟು ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು. ಸುಮಾರು 260 ಜನ ಸತ್ತರು. ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಂಗಸು 1666ರ ಆಗಸ್ಟ್‌ನಲ್ಲಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಏಳು ಗುಂಡಿಗಳನ್ನೂ ತಾನೇ ತೋಡಿದಳು. ಊರಾಚೆಯ ಹೊಲದಲ್ಲಿ ದುಂಡನೆಯ ಕಲ್ಲುಗೋಡೆಯ ಒಳಗೆ ಆ ಸಮಾಧಿಗಳಿವೆ. ಬಂಡೆಯ ಕುಳಿಗಳೂ ಹಾಗೇ ಇವೆ, ಬೆರಳಿಟ್ಟು ನೋಡಬಹುದು. ಕೋವಿಡ್ ಕಾಲ ನೋಡಿದ ನಮಗೆ ಈಮ್‌ನವರು ಮಾಡಿದ್ದರ ಭಾರ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವಾಗ

ಈ ಊರುಗಳಲ್ಲಿ ಜನ ಬದುಕುತ್ತಿದ್ದಾರೆ ಅನ್ನುವುದು ಮೊದಲು ನೆನಪಿರಲಿ. ಬೈಬರಿಯಲ್ಲಿ ಇರುವವರು ಕೆಲವೇ ನೂರು ಜನ. ರಜೆಯ ದಿನ ಬರುವವರು ಸಾವಿರಗಟ್ಟಲೆ. ಆರ್ಲಿಂಗ್ಟನ್ ರೋ ಪಕ್ಕ ಒಬ್ಬ ವೃದ್ಧರು ನಿಲ್ಲಿಸುತ್ತಿದ್ದ ಹಳದಿ ಕಾರು ಫೋಟೊ ಕೆಡಿಸುತ್ತದೆ ಅಂತ ಜನ ಬಯ್ದರು. 2017ರಲ್ಲಿ ಯಾರೋ ಆ ಕಾರನ್ನು ಗೀಚಿ ಜಜ್ಜಿ ಹಾಳು ಮಾಡಿದರು. ಅದನ್ನು ಕೇಳಿ ನೊಂದ ಹಳದಿ ಕಾರಿನವರು ದೇಶದ ನಾನಾ ಕಡೆಯಿಂದ ಬಂದು ಬೈಬರಿಯಲ್ಲಿ ಮೆರವಣಿಗೆ ನಡೆಸಿ ಅವರ ಬೆಂಬಲಕ್ಕೆ ನಿಂತರು. ಜನ ಮನೆಯ ಕಿಟಕಿಗೆ ಮುಖ ಒತ್ತಿ ಇಣುಕುವುದು, ಅಂಗಳದಲ್ಲಿ ಕೂತು ಊಟ ಮಾಡುವುದು ಅಲ್ಲಿಯವರಿಗೆ ದಿನದ ಕಾಟ.

ಅವರ ಕಷ್ಟ ಅಷ್ಟೇ ಅಲ್ಲ. ಚೆಂದದಿಂದಾಗಿಯೇ ಮನೆ ಬೆಲೆ ಏರಿದೆ. ವಾರಾಂತ್ಯಕ್ಕೆ ಬರುವವರು, ಬಾಡಿಗೆಗೆ ಕೊಡುವವರು ಮನೆ ಕೊಳ್ಳುತ್ತಾರೆ. ಕುರಿ ಕಾಯುವವನಿಗೆ ಕಟ್ಟಿದ ಮನೆಯನ್ನು ಇವತ್ತು ಕುರಿ ಕಾಯುವವನು ಕೊಳ್ಳಲಾರ. ಮಕ್ಕಳಿಲ್ಲದೆ ಶಾಲೆ, ಗಿರಾಕಿ ಇಲ್ಲದೆ ಅಂಚೆ ಕಚೇರಿ ಮುಚ್ಚಿದ ಊರುಗಳಿವೆ. ಕೆಲವು ಕಡೆ ಊರವರೇ ಸೇರಿ ಅಂಗಡಿ ನಡೆಸುತ್ತಾರೆ. ಅಲ್ಲೇ ಬ್ರೆಡ್ಡು, ಚೀಸು ಕೊಳ್ಳಿ. ಕೆಂಪು ಫೋನ್ ಪೆಟ್ಟಿಗೆಯೊಳಗೂ ಇಣುಕಿ. ಎಷ್ಟೋ ಊರಿನವರು ಅದನ್ನು ಒಂದು ಪೌಂಡಿಗೆ ತಮ್ಮದಾಗಿಸಿಕೊಂಡು ಪುಟ್ಟ ಲೈಬ್ರರಿ ಮಾಡಿದ್ದಾರೆ, ಇಲ್ಲವೇ ಹೃದಯ ಬಡಿತ ನಿಂತವರಿಗೆ ಬೇಕಾಗುವ ಯಂತ್ರ ಇಟ್ಟಿದ್ದಾರೆ.

ದಿನಕ್ಕೆ ಎರಡು ಊರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಊರಿಗೆ ಬಂದ ಕೂಡಲೇ ಚರ್ಚಿಗೆ ಹೋಗಿ. ಹಗಲು ಹೊತ್ತು ಸಾಮಾನ್ಯವಾಗಿ ತೆರೆದಿರುತ್ತದೆ. ಯಾರ ದುಡ್ಡಿನಿಂದ ಊರು ಎದ್ದಿತು ಅಂತ ಅಲ್ಲಿಯ ಸಮಾಧಿಗಳೇ ಹೇಳುತ್ತವೆ. ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ, ಆ ಮಾಡು ಸೋರದಿರುವುದು ಅದರಿಂದ. ಮನೆಗಳ ಗೋಡೆಯಲ್ಲಿ ಇಟ್ಟಿಗೆಯೋ ಕಲ್ಲೋ ತುಂಬಿ ಮುಚ್ಚಿದ ಕಿಟಕಿ ಕಂಡರೆ, 1696ರಿಂದ 1851ರ ವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು ಅನ್ನುವುದು ನೆನಪಿರಲಿ. ಎಲ್ಲ ಕುರುಡು ಕಿಟಕಿಗೂ ತೆರಿಗೆಯೇ ಕಾರಣವಲ್ಲ, ಕೆಲವು ಬರೀ ಸಮತೋಲ ಕಾಣಲಿ ಅಂತ ಇಟ್ಟವು.

ಸಾಧ್ಯವಾದರೆ ಒಂದು ಊರಿನಿಂದ ಇನ್ನೊಂದಕ್ಕೆ ನಡೆದೇ ಹೋಗಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2.25 ಲಕ್ಷ ಕಿಲೋಮೀಟರ್ ಕಾಲುದಾರಿ ಇದೆ. ಹೊಲ ಖಾಸಗಿಯವರದಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಚಿಪ್ಪಿಂಗ್ ಕ್ಯಾಂಪ್ಡನ್‌ನಿಂದ ಬಾತ್‌ವರೆಗಿನ ಕಾಟ್ಸ್‌ವೋಲ್ಡ್ ವೇ 164 ಕಿಲೋಮೀಟರ್ ಉದ್ದ. ಅದರ ಒಂದು ತುಂಡು ನಡೆದರೂ ಸಾಕು. ಕುರಿಗಳ ಗೇಟು ತೆರೆದರೆ ಮರೆಯದೆ ಮುಚ್ಚಿ. ಜೂನ್‌ನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಷ್‌ಗೆ ನೇರ ರೈಲಿದೆ, ಒಂದೂವರೆ ಗಂಟೆಗಿಂತ ತುಸು ಜಾಸ್ತಿ. ಲೇಕಾಕ್‌ಗೆ ಚಿಪ್ಪೆನಮ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಹಳ್ಳಿ ಬಸ್ಸುಗಳು ಕಡಿಮೆ, ಭಾನುವಾರ ಎಷ್ಟೋ ಕಡೆ ಇರುವುದೇ ಇಲ್ಲ. ಪಬ್‌ಗಳಲ್ಲಿ ಮಧ್ಯಾಹ್ನದ ಊಟ ಎರಡೂವರೆ ಹೊತ್ತಿಗೆ ಮುಗಿಸಿ ಅಡುಗೆಮನೆ ಮುಚ್ಚುವುದು ಸಾಮಾನ್ಯ. ಹಾಗಾಗಿ ಕೈಚೀಲದಲ್ಲಿ ತಿನ್ನಲು ಏನಾದರೂ ಇರಲಿ, ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ಬರೆದಿಟ್ಟುಕೊಳ್ಳಿ.